ಬೆಕ್ಕಿಗೆ ಹೊದಿಸಿದ ಮಾವನ ಟವೆಲು

ನಮ್ಮ ಮನೆಯಲ್ಲಿ ಹಾಲು ಕರೆಯುವವಳು ನಾನು. ಹಾಗಾಗಿ ಹಸುಗಳಿಗೆ ಔಷಧಿ ಕುಡಿಸುವ ಕೆಲಸವನ್ನು ಮಾವ ನನಗೆ ಒಂದು ದಿನವೂ ಕೊಟ್ಟವರಲ್ಲ. ಬಲವಂತವಾಗಿ ಬಾಯಿಗೆ ಬಿದಿರಿನ ಗೊಟ್ಟ ತುರುಕಿದ ಕೈಯನ್ನು ಹಸು ಮರೆಯುವುದಿಲ್ಲ, ಆಮೇಲೆ ಆ ಕೈಗೆ ಹಾಲು ಬಿಡುವುದಿಲ್ಲ ಎನ್ನುತ್ತಾರೆ. ಕೆಟ್ಟವನಾಗುವ ಪಾಲನ್ನು ಯಾವಾಗಲೂ ತಾವೇ ವಹಿಸಿಕೊಳ್ಳುತ್ತಾರೆ.

ಕಳೆದ ತಿಂಗಳು ನಮ್ಮ ಬೆಕ್ಕು ಎಲ್ಲೋ ಕಚ್ಚಾಡಿಕೊಂಡು ಬಂತು. ಕಿವಿಯ ಹಿಂದೆ ಕೀವು ತುಂಬಿ ಮುಖ ಊದಿಕೊಂಡಿತ್ತು. ಪಾಂಡವಪುರದ ದನದ ಡಾಕ್ಟರು ಕೀವು ತೆಗೆದು ಮಾತ್ರೆ ಕೊಟ್ಟರು; ಎರಡು ಹೊತ್ತೂ ತಪ್ಪದೆ ಹಾಕದಿದ್ದರೆ ಉಳಿಯುವುದು ಕಷ್ಟ ಎಂದರು. ಮಾವನ ಕೈ ಈಗ ನಡುಗುತ್ತದೆ. ಈ ಸಲ ಆ ಕೆಲಸ ನನ್ನ ಪಾಲಿಗೆ ಬಂತು. ಒಂದು ಹಿಡಿ ಬೆಕ್ಕು, ಅದೇನು ಮಹಾ ಎಂದುಕೊಂಡೆ.

ಮೀನಿನ ತುಂಡಿನಲ್ಲಿ ಮಾತ್ರೆ ಅಡಗಿಸಿಟ್ಟೆ. ಮೀನು ತಿಂದು, ಮಾತ್ರೆಯನ್ನು ನೆಕ್ಕಿ ಚೊಕ್ಕ ಮಾಡಿ ನನ್ನ ಮುಂದೆಯೇ ಬಿಟ್ಟುಹೋಯಿತು. ಅರೆದು ನೀರಿನಲ್ಲಿ ಕದಡಿ, ಸೂಜಿಯಿಲ್ಲದ ಸಿರಿಂಜಿನಲ್ಲಿ ಹಾಕಲು ಹೋದರೆ ಮುಂಗೈ ಪರಚಿ ಅಟ್ಟ ಹತ್ತಿತು. ಇಳಿದ ಮೇಲೂ ನನ್ನನ್ನು ಕಂಡರೆ ದೂರ. ಅದನ್ನು ನನಗೆ ತಡೆದುಕೊಳ್ಳಲಾಗಲಿಲ್ಲ. ಮೊದಲೇ ಅದಕ್ಕೆ ಮಾವನೇ ಎಲ್ಲ. ಅವರು ಜಗುಲಿಯಲ್ಲಿ ಕೂತರೆ ಸಾಕು, ಹೆಗಲ ಟವೆಲಿಗೆ ಮೂತಿ ತಿಕ್ಕುತ್ತಾ ಮಡಿಲಲ್ಲಿ ಮಲಗುತ್ತಿತ್ತು.

ಮಾರನೆಯ ದಿನ ಮಾವ ಡೈರಿಗೆ ಹಾಲು ಒಯ್ದಾಗ ಹಳೆಯ ಟವೆಲು ಜಗುಲಿಯ ಮೇಲಿತ್ತು. ಅದನ್ನು ಹಿಡಿದು ಕರೆದೆ. ಅವರ ವಾಸನೆಗೆ ಬೆಕ್ಕು ತಾನಾಗಿಯೇ ಬಂತು. ನನ್ನ ಮುಖ ಕಾಣದಂತೆ ತಲೆಗೂ ಮುಸುಕು ಹಾಕಿ, ಬಿಗಿಯಾಗಿ ಸುತ್ತಿ, ಬಾಯಿಯನ್ನಷ್ಟೇ ಹೊರಗೆ ಬಿಟ್ಟು ಕುಡಿಸಿದೆ. ಬಿಟ್ಟ ಮೇಲೆ ಟವೆಲನ್ನು ಮೊದಲಿದ್ದಲ್ಲೇ ಎಸೆದು, ಏನೂ ಅರಿಯದವಳಂತೆ ಹಾಲಿಟ್ಟು ಮುದ್ದು ಮಾಡಿದೆ. ಅವರು ಡೈರಿಗೆ ಹೋದಾಗಲೆಲ್ಲ ಹೀಗೇ ನಡೆಯಿತು. ಗೊತ್ತಿಲ್ಲದೆ ಮಾಡಿದ್ದಲ್ಲ. ಹಸುವಿನ ಪಾಠ ಕಲಿಸಿದವರೇ ಅವರು. ಕಲಿತದ್ದನ್ನು ಅವರ ಮೇಲೆಯೇ ತಿರುಗಿಸಿದೆ.

ಬೆಕ್ಕು ಬದುಕಿತು. ಈಗ ನನ್ನ ಕಾಲು ಬಿಡುವುದಿಲ್ಲ. ಮಾವ ಕರೆದರೆ ಕಿವಿ ಮಡಚಿಕೊಂಡು ಮಂಚದಡಿ ನುಗ್ಗುತ್ತದೆ. ಅವರು ಮೀನಿನ ತಲೆ ತೋರಿಸಿ ಪೂಸಿ ಹೊಡೆದರೂ ಬರುವುದಿಲ್ಲ. ಆದರೂ ಬೆಕ್ಕನ್ನು ಬದುಕಿಸಿದ್ದು ಸೊಸೆಯೇ ಎಂದು ಬಂದವರಿಗೆಲ್ಲ ಹೇಳಿಕೊಳ್ಳುತ್ತಾರೆ. ಕೇಳುವಾಗ ನಾಚಿಕೆಯಿಂದ ಹಿಡಿಯಷ್ಟಾಗುತ್ತೇನೆ. ಆದರೂ ಬಾಯಿ ಬಿಡಲಿಲ್ಲ.

ನೆನ್ನೆ ಹಿತ್ತಿಲಿಗೆ ಹೋದರೆ ಮಾವ ಒಗೆಯುವ ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಅದೇ ಟವೆಲಿಗೆ ಸೋಪು ಉಜ್ಜುತ್ತಿದ್ದರು. ಎಂದೂ ಒಂದು ಬಟ್ಟೆ ಒಗೆದವರಲ್ಲ. ತಲೆಯೆತ್ತದೆ ಕೇಳಿದರು:

"ನನ್ ಮೈ ವಾಸ್ನೆ ಬತ್ತದೇನವ್ವ? ವಯಸ್ಸಾಯ್ತಲ್ಲ. ಅದ್ಕೇ ಅದು ಅತ್ರ ಬರಾಕಿಲ್ವೇನೋ."

ಹೇಳಿಬಿಡಬೇಕಿತ್ತು. ಬೆಕ್ಕು ನನ್ನ ಹಿಂದೆಯೇ ಬಂದು ಕಾಲಿಗೆ ಮೈ ತಿಕ್ಕುತ್ತಿತ್ತು. "ಕೊಡಿ ಮಾವ, ನಾನ್ ಒಗೀತೀನಿ" ಎಂದಷ್ಟೇ ಬಂತು. ಅವರು ಸಂತೋಷದಿಂದಲೇ ಕೊಟ್ಟರು.

"ಒಗಿ ಮತ್ತೆ. ನಿನ್ ಕೈ ವಾಸ್ನೆ ಅಂಟುದ್ರೆ ಆಗ್ಲಾದ್ರೂ ಅದು ಅತ್ರ ಬತ್ತದೆ."

ಸೋಪು ಉಜ್ಜುತ್ತಾ ಕೂತೆ. ಅವರು ಒಳಗೆ ಹೋಗುವವರೆಗೂ ತಲೆಯೆತ್ತಲಿಲ್ಲ.