ಹೊಳೆಯಾಚೆ ಹುಟ್ಟಿದ ಗುಡ್ಡಪ್ಪ

ಗುಡ್ಡಪ್ಪನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಅದಕ್ಕೇ ಡಾಕ್ಟರಾಗಲಿಲ್ಲ ಎಂದು ಹರಿಹರದಲ್ಲಿ ಈಗಲೂ ಯಾರಾದರೂ ಅಂದರೆ ನನಗೆ ಮೈ ಉರಿಯುತ್ತದೆ. ಆದರೆ ಯಾರ ಮೇಲೆ ಅಂತ ಸಿಟ್ಟು ಮಾಡಲಿ? ಆ ಸುದ್ದಿ ಹಬ್ಬಿಸಿದವನು ಸ್ವತಃ ಗುಡ್ಡಪ್ಪನೇ. ಅವನ ಅವ್ವ ಕೊಟ್ರವ್ವ ಹೋದ ಮೇಲೆ ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿಲ್ಲ. ಹೇಳಿಬಿಡುತ್ತೇನೆ.

ನಾವು ಮೂವರು ಹರಿಹರದಿಂದ ದಾವಣಗೆರೆಯ ಕಾಲೇಜಿಗೆ ದಿನಾ ಬೆಳಿಗ್ಗೆಯ ಪ್ಯಾಸೆಂಜರ್ ರೈಲಿನಲ್ಲಿ ಹೋಗುತ್ತಿದ್ದೆವು. ನಾನು ತೋಟಪ್ಪ, ಕಿರಾಣಿ ಅಂಗಡಿಯವರ ಮಗ. ಮನೆಯಲ್ಲೊಬ್ಬ ಡಾಕ್ಟರ್ ಇರಬೇಕೆಂದು ನಮ್ಮಪ್ಪನಿಗೆ ಆಸೆ, ಅಂಗಡಿಯಿಂದ ದೂರ ಇರಬೇಕೆಂದು ನನಗೆ ಆಸೆ. ರೌಫ್, ದರ್ಜಿ ಮಸ್ತಾನಸಾಬರ ಮಗ, ಮಾತು ಕಡಿಮೆ, ಓದು ಜಾಸ್ತಿ. ಗುಡ್ಡಪ್ಪ ಕೊಟ್ರವ್ವನ ಒಬ್ಬನೇ ಮಗ. ಅವನಿಗೆ ತಿಳಿವಳಿಕೆ ಬರುವ ಮುಂಚೆಯೇ ಅಪ್ಪ ತೀರಿಕೊಂಡಿದ್ದ. ಕೊಟ್ರವ್ವ ಒಂದು ಬಾಡಿಗೆ ಮನೆಯಲ್ಲಿ ಒಲೆ ಮುಂದೆ ಕೂತು ಕಾರ್ಖಾನೆಯ ಕೆಲಸಗಾರರಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದಳು. ಗುಡ್ಡಪ್ಪನ ಪುಸ್ತಕ ತೆರೆದರೆ ಹೊಗೆ ವಾಸನೆ ಬರುತ್ತಿತ್ತು.

ಆ ಹೊಗೆ ಕೊಟ್ರವ್ವನ ಎದೆಯಲ್ಲೂ ಕೂತಿತ್ತು. ಕೆಮ್ಮಲು ಶುರು ಮಾಡಿದರೆ ರೊಟ್ಟಿ ಹೆಂಚಿನ ಮೇಲೇ ಸೀದುಹೋಗುತ್ತಿತ್ತು. ಗುಡ್ಡಪ್ಪ ಅವಳ ಬೆನ್ನಿಗೆ ಕಿವಿ ಹಚ್ಚಿ ಕೂಡುತ್ತಿದ್ದ.

"ಏನ್ ಕೇಳ್ತೈತಲೇ ಒಳಗೆ?" ಎಂದು ಅವಳು ನಗುತ್ತಿದ್ದಳು.

"ನಾನು ಡಾಕ್ಟ್ರಾದ ಮ್ಯಾಲೆ ಹೇಳ್ತೀನಿ. ಮೊದಲ್ನೇ ಪೇಷಂಟು ನೀನೇ."

ಅವನಿಗೆ ಬೇಕಾಗಿದ್ದು ಅಷ್ಟೇ. ದೊಡ್ಡ ಊರು, ಕಾರು, ಬಂಗಲೆ ಯಾವುದೂ ಅವನ ಬಾಯಲ್ಲಿ ಬಂದದ್ದಿಲ್ಲ.

ಇಸವಿ ಐವತ್ತಾರು. ಇಂಟರ್‌ಮೀಡಿಯೆಟ್ ಮುಗಿಸಿ ಮೂವರೂ ಮೆಡಿಕಲ್ಲಿಗೆ ಅರ್ಜಿ ಹಾಕಿದೆವು. ಆಮೇಲೆ ಶುರುವಾಯಿತು ನೋಡಿ ಪುಕಾರುಗಳ ಕಾಟ. ಎದೆ ಉಸಿರೆಳೆದಾಗ ಇಷ್ಟು ಅಗಲ ಆಗದಿದ್ದರೆ ವಾಪಸ್ ಕಳಿಸುತ್ತಾರಂತೆ ಎಂದು ದಾವಣಗೆರೆ ಸ್ಟೇಷನ್ನಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾ ಯಾರೋ ಹೇಳಿದ. ಅವತ್ತಿನಿಂದ ವಾರಕ್ಕೊಮ್ಮೆ ಮಸ್ತಾನಸಾಬರ ಅಂಗಡಿಗೆ ಹೋಗಿ ಟೇಪಿನಲ್ಲಿ ಎದೆ ಅಳೆಸಿಕೊಂಡೆವು. ಅವರು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಗದರುತ್ತಿದ್ದರು: "ತೋಟಪ್ಪ, ಹೊಟ್ಟಿ ಉಬ್ಬಿಸಬ್ಯಾಡಪ್ಪಾ, ಎದಿ ಉಬ್ಸು!" ರೌಫ್ ಗರಡಿಮನೆಗೆ ಹೋಗಿ ಬಸ್ಕಿ ಹೊಡೆದು ಎರಡು ದಿನ ಮಲಗಿದ. ಬೆಂಗಳೂರಿನ ನೀರು ಒಗ್ಗುವುದಿಲ್ಲ ಎಂದು ನಮ್ಮವ್ವ ಇಂಗಿನ ಡಬ್ಬಿ ಕಟ್ಟಿಕೊಟ್ಟಳು.

ಎಲ್ಲಕ್ಕಿಂತ ದೊಡ್ಡ ಭಯ ಇಂಗ್ಲಿಷಿನದು. ಸಂದರ್ಶನ ಪೂರಾ ಇಂಗ್ಲಿಷಿನಲ್ಲಿ. ಅದಕ್ಕೆ ನಮ್ಮ ಮೇಷ್ಟ್ರು ಗುಡ್ಡಪ್ಪ. ಸಂಜೆ ತುಂಗಭದ್ರೆಯ ಕಲ್ಲು ಸೇತುವೆಯ ಮೇಲೆ ಅವನು ಕಟ್ಟೆಗೆ ಒರಗಿ ನಿಂತು ಕಮಿಟಿಯ ಸಾಹೇಬನಾಗುತ್ತಿದ್ದ. ಪ್ರಶ್ನೆ ಅವನದೇ, ನಾವು ತಡವರಿಸಿದರೆ ಉತ್ತರವೂ ಅವನದೇ. ಸೇತುವೆಯ ಮೇಲೆ ಹೋಗುವ ಬಂಡಿಯವರು ನಿಂತು ಕೇಳುತ್ತಿದ್ದರು, ಅಷ್ಟು ಸಲೀಸಾಗಿ ಮಾತಾಡುತ್ತಿದ್ದ. ಡಾಕ್ಟರ್ ಯಾಕಾಗಬೇಕು, ಕಾಲರಾ ಹೇಗೆ ಹರಡುತ್ತದೆ, ರಕ್ತ ಕಂಡರೆ ಹೆದರಿಕೆಯೇ, ಎಲ್ಲವನ್ನೂ ಉರುಹೊಡೆದೆವು. ಎಲ್ಲಿ ಹುಟ್ಟಿದ್ದು ಎಂಬ ಪ್ರಶ್ನೆಯೊಂದನ್ನು ಬಿಟ್ಟು. ಅದನ್ನು ಯಾರು ಉರುಹೊಡೆಯುತ್ತಾರೆ?

ಈಗಿನ ಹುಡುಗರಿಗೆ ಹೇಳಬೇಕು, ಆಗ ಆ ಸೇತುವೆಯ ಈಚೆ ದಂಡೆ ಮೈಸೂರು ರಾಜ್ಯ, ಆಚೆ ದಂಡೆ ಮುಂಬಯಿ ರಾಜ್ಯ. ನಮಗೆ ಅದರ ಖಬರೇ ಇರಲಿಲ್ಲ. ಹೆಣ್ಣು ತರುವುದು ಆಚೆಯಿಂದ, ಕೊಡುವುದು ಆಚೆಗೆ. ಜೋಳದ ಚೀಲ ದಾಟಿಸುವವರನ್ನು ಹಿಡಿಯಲು ನಾಕಾ ಇತ್ತೇ ಹೊರತು ಹೆರಿಗೆಗೆ ಹೋಗುವ ಬಸುರಿಯರನ್ನು ಯಾರೂ ತಡೆದವರಲ್ಲ. ಕೊಟ್ರವ್ವನ ತವರು ಹೊಳೆಯಾಚೆಯ ಕೋಡಿಯಾಲ. ರೌಫನ ತಾಯಿ ಹಜೀರಾಬಿಯವರ ತವರು ರಾಣೆಬೆನ್ನೂರು, ಅದೂ ಆಚೆಯೇ. ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬುದು ಅವರಿಗೂ ಅದೇ, ಇವರಿಗೂ ಅದೇ. ಹಾಗಾಗಿ ಗುಡ್ಡಪ್ಪ, ರೌಫ್ ಇಬ್ಬರೂ ಹುಟ್ಟಿದ್ದು ಮುಂಬಯಿ ರಾಜ್ಯದಲ್ಲಿ, ತೊಟ್ಟಿಲಲ್ಲಿದ್ದಾಗಲೇ ಮೈಸೂರಿಗೆ ಬಂದವರು.

ಕೊಟ್ರವ್ವನಿಗಂತೂ ಆ ಬಾಣಂತನದ ಕಥೆ ಹೇಳಿದಷ್ಟೂ ಸಾಲದು. ರೊಟ್ಟಿ ತಟ್ಟುತ್ತಾ ಶುರು ಮಾಡುವಳು. "ನಮ್ಮತ್ತೆ ಹೋಗಬ್ಯಾಡ ಅಂದ್ಲು. ನಾನು ಅತ್ತು ಕರೆದು ಹೊಂಟೆ. ನಮ್ಮಪ್ಪ ಕಮಾನು ಬಂಡಿ ಕಟ್ಟಿಸ್ಕೊಂಡು ಬಂದಿದ್ದ. ಬಂಡಿಯಾಗೆ ಹುಲ್ಲು ಹಾಸಿ, ಅದರ ಮ್ಯಾಲೆ ಕೌದಿ ಹಾಸಿದ್ದ. ನನ್ನ ಜಲ್ಮದಾಗೆ ಅಂಥ ಸುಖ ಮತ್ತೆ ಕಾಣಲಿಲ್ಲ." ನಿಜವೇ. ಅವಳು ಮಗುವಿನ ಸಮೇತ ವಾಪಸ್ ಬಂದ ಮೇಲೆ ಮೊದಲು ಅಪ್ಪ ಹೋದ, ಆಮೇಲೆ ಗಂಡ ಹೋದ. ಅತ್ತೆ ಸಾಯುವ ತನಕ ಒಂದೇ ಮಾತು: "ಆಚೆ ದಂಡ್ಯಾಗೆ ಹೆತ್ತು ತಂದ್ಯಲ್ಲ, ಅದಕ್ಕೇ ಈ ಮನಿಗೆ ಏಳಿಗೆ ಇಲ್ಲ." ಆ ಮಾತನ್ನು ಕೊಟ್ರವ್ವ ಒಂದು ದಿನವೂ ಒಪ್ಪಿಕೊಳ್ಳಲಿಲ್ಲ. ಮಗ ಡಾಕ್ಟರಾದರೆ ಅದೇ ಅತ್ತೆಗೆ ಉತ್ತರ ಎಂದು ನಮಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು.

ಬೆಂಗಳೂರಿಗೆ ಮೂವರೂ ಒಟ್ಟಿಗೆ ಹೋದೆವು. ಸ್ಟೇಷನ್ ಹತ್ತಿರದ ಛತ್ರದಲ್ಲಿ ಇಳಿದು, ಕೊಟ್ರವ್ವ ಕಟ್ಟಿಕೊಟ್ಟ ರೊಟ್ಟಿ, ಹಜೀರಾಬಿಯವರು ಕೊಟ್ಟ ಶೇಂಗಾ ಚಟ್ನಿಪುಡಿ ಹಂಚಿಕೊಂಡು ತಿಂದೆವು. ರೌಫನ ಬೂಟು ಕಚ್ಚುತ್ತಿತ್ತು. ಗುಡ್ಡಪ್ಪ ತನ್ನ ಕಾಲುಚೀಲ ಬಿಚ್ಚಿ ಅವನಿಗೆ ಕೊಟ್ಟು, ತಾನು ಬರಿಗಾಲನ್ನೇ ಬೂಟಿಗೆ ತುರುಕಿದ.

ಸಂದರ್ಶನದ ಕೋಣೆಗೆ ಇಂಗ್ಲಿಷ್ ಅಕ್ಷರದ ಸಾಲಿನಂತೆ ಕರೆಯುತ್ತಿದ್ದರು. ಮೊದಲು ಗುಡ್ಡಪ್ಪ, ಆಮೇಲೆ ಎಷ್ಟೋ ಹೆಸರು ದಾಟಿ ರೌಫ್, ಅವನ ಹಿಂದೆ ನಾನು. ಗುಡ್ಡಪ್ಪ ಒಳಗೆ ಹೋದ. ಬಾಗಿಲ ಸಂದಿಯಿಂದ ನಗು ಕೇಳಿಸಿತು. ಒಳಗಿದ್ದವರು ಅವನ ಉತ್ತರ ಮೆಚ್ಚಿ ನಗುತ್ತಿದ್ದರು. ನಾನು ರೌಫನ ಮೊಣಕೈ ತಿವಿದು, "ಆತು ಬಿಡು ಇವನ ಕೆಲಸ" ಅಂದೆ. ಆಮೇಲೆ ಒಳಗೆ ಸದ್ದಡಗಿತು.

ಹೊರಗೆ ಬಂದವನೇ ನಮ್ಮಿಬ್ಬರನ್ನೂ ಪಕ್ಕಕ್ಕೆ ಎಳೆದ. "ಎಲ್ಲಿ ಹುಟ್ಟಿದ್ದು ಅಂತ ಕೇಳಿದ್ರು. ನಮ್ಮವ್ವನ ತವರಾಗೆ, ಹೊಳಿ ಆಚೆ ಅಂದೆ. ಹಂಗಾದ್ರೆ ನೀನು ಬೇರೆ ರಾಜ್ಯದೋನು, ಇಲ್ಲಿಯವನು ಅನ್ನೋದಕ್ಕೆ ಸರ್ಟಿಫಿಕೇಟ್ ತಾ ಅಂದ್ರು. ಇಲ್ಲಾಂದ್ರೆ ಸೀಟಿಲ್ಲ."

ಅವನು ತನ್ನ ಮಾತನ್ನು ಅಲ್ಲಿಗೇ ನಿಲ್ಲಿಸಿ ರೌಫನ ತೋಳು ಹಿಡಿದ. "ಲೇ, ನಿನ್ನೂ ಕೇಳ್ತಾರೆ. ಹರಿಹರ ಅನ್ನು. ರಾಣೆಬೆನ್ನೂರು ಅಂತ ಬಾಯಿ ಬಿಡಬ್ಯಾಡ."

"ಸುಳ್ಳು ಹೆಂಗ್ ಹೇಳ್ಲೋ?" ಅಂದ ರೌಫ್. "ನಿನಗೆ ಆಗಿದ್ದು ನನಗೂ ಆಗ್ಲಿ."

"ಇಬ್ರೂ ಹಾಳಾದ್ರೆ ನನಗೇನ್ ಬರ್ತೈತಿ? ನನ್ನ ಮ್ಯಾಲೆ ಆಣೆ, ಹರಿಹರ ಅನ್ನು."

ರೌಫ್ ಹರಿಹರ ಅಂದ. ಸೀಟು ಸಿಕ್ಕಿತು. ನನ್ನದು ಬಿಡಿ, ಮಾರ್ಕ್ಸು ಕಡಿಮೆ ಇದ್ದವನನ್ನು ಎಲ್ಲಿ ಹುಟ್ಟಿದೆ ಎಂದು ಯಾರೂ ಕೇಳಲೇ ಇಲ್ಲ. ನನ್ನ ಸೀಟು ಹೋದದ್ದಕ್ಕೆ ನಾನು ಒಂದು ದಿನವೂ ಅತ್ತಿಲ್ಲ. ಗುಡ್ಡಪ್ಪನ ಸೀಟಿಗೆ ಅತ್ತಿದ್ದೇನೆ, ಈಗಲೂ ಒಮ್ಮೊಮ್ಮೆ ಅಳು ಬರುತ್ತದೆ.

ಊರಿಗೆ ಬಂದವನೇ ಸರ್ಟಿಫಿಕೇಟಿಗಾಗಿ ಕಚೇರಿಯಿಂದ ಕಚೇರಿಗೆ ಅಲೆದ. ಹೊಲ ಐತೇನು, ಸ್ವಂತ ಮನೆ ಐತೇನು, ಅಪ್ಪನ ಹೆಸರಿನಲ್ಲಿ ಕಂದಾಯ ಕಟ್ಟಿದ್ದಾರೇನು? ಯಾವುದೂ ಇರಲಿಲ್ಲ. ಹರಿಹರದ ಅರ್ಧ ಕಾರ್ಖಾನೆ ಅವನ ಅವ್ವನ ರೊಟ್ಟಿ ತಿಂದಿತ್ತು, ಆದರೆ ಬಾಡಿಗೆ ಮನೆಯವರಿಗೆ ಊರು ಎನ್ನುವುದೇ ಇರುವುದಿಲ್ಲ ಎಂದು ನನಗೆ ಆವತ್ತು ಗೊತ್ತಾಯಿತು. ಅವನು ಇನ್ನೂ ಓಡಾಡುತ್ತಿರುವಾಗಲೇ ಬೆಂಗಳೂರಿನಲ್ಲಿ ಸೀಟುಗಳು ಭರ್ತಿಯಾದವು.

ಆ ಸುದ್ದಿ ಬಂದ ದಿನ ಸಂಜೆ ಸೇತುವೆಯ ಮೇಲೆ ನಮ್ಮಿಬ್ಬರಿಂದ ಮಾತು ತೆಗೆದುಕೊಂಡ. "ಅವ್ವನಿಗೆ ತವರಿನ ವಿಷಯ ಗೊತ್ತಾಗಬಾರದು. ಅತ್ತೆ ಅಂದಿದ್ದೇ ನಿಜ ಆಯ್ತಲ್ಲಾ ಅಂತ ಎದೆ ಒಡ್ಕೊಂತಾಳೆ. ಅವಳಿಗೆ ಇರೋದು ಅದೊಂದೇ ನೆನಪು."

"ಮತ್ತೆ ಏನ್ ಹೇಳ್ತೀಯ?" ಅಂದೆ.

"ಇಂಗ್ಲಿಷ್ ಬರಲಿಲ್ಲ ಅಂತೀನಿ."

ರೌಫ್ ಆಚೆ ದಂಡೆಯ ಕಡೆ ಮುಖ ತಿರುಗಿಸಿಕೊಂಡು ಅಳುತ್ತಿದ್ದ. ನನಗೆ ಸಿಟ್ಟು ಬಂದು, "ಹುಚ್ಚು ಸೂಳೇಮಗನೇ" ಎಂದು ಬೈದೆ. ಗುಡ್ಡಪ್ಪ ನಕ್ಕ. ಕೊಟ್ರವ್ವ ಆ ಮಾತು ನಂಬಿದಳು. ನಂಬಿ ಅತ್ತಳು, ಆಮೇಲೆ ಬೈದಳು. "ರೌಫ ಕೂತು ಓದಿದ, ನೀನು ಆ ತೋಟಪ್ಪನ ಜತಿಗೆ ತಿರುಗಿದಿ" ಎಂದು ನನಗೂ ಒಂದು ಪಾಲು ಕೊಟ್ಟಳು.

ನವೆಂಬರ್ ಒಂದನೇ ತಾರೀಖು ಕನ್ನಡದ ಸೀಮೆಗಳೆಲ್ಲ ಒಂದಾದವು. ಹೊಳೆಯ ಎರಡೂ ದಂಡೆ ಈಗ ಒಂದೇ ಮೈಸೂರು. ನಾನು ಅಂಗಡಿಯ ಗಲ್ಲೆ ಬಿಟ್ಟು ಓಡಿದೆ. ಗುಡ್ಡಪ್ಪ ಆಗಲೇ ಕಾರ್ಖಾನೆಯಲ್ಲಿ ಕೆಲಸ ಕಲಿಯಲು ಸೇರಿದ್ದ, ಕೈಯೆಲ್ಲ ಗ್ರೀಸು. "ಇನ್ನೇನೋ! ಮುಂದಿನ ವರ್ಷ ಅರ್ಜಿ ಹಾಕು" ಅಂದೆ. ಅವನ ಕಣ್ಣಲ್ಲಿ ಬೆಳಕು ಬಂತು. ಅದೇ ಗ್ರೀಸು ಕೈಯಲ್ಲಿ ನನ್ನನ್ನು ಮನೆಗೆ ಕರಕೊಂಡು ಹೋದ.

"ಅವ್ವ, ಇನ್ನೊಂದ್ ಸರ್ತಿ ಹೋಗ್ತೀನಿ. ಈ ಸರ್ತಿ ಸೀಟು ಸಿಗತೈತೆ."

ಕೊಟ್ರವ್ವ ಕೈಯಲ್ಲಿದ್ದ ಹಿಟ್ಟು ಕೆಳಗಿಟ್ಟಳು. "ಒಂದು ವರ್ಷಕ್ಕೆ ಇಂಗ್ಲಿಷ್ ಬಂದ್‌ಬಿಡ್ತೈತೇನಲೇ? ಹೋದ ಸರ್ತಿ ನಾಲ್ಕು ಮಂದಿ ಮುಂದೆ ಬಾಯಿ ಕಟ್ಟಿ ನಿಂತು ಬಂದಿ. ಮತ್ತೆ ಹೋಗಿ ಅವಮಾನ ಆಗಿ ಬರೋದು ಬ್ಯಾಡ. ಸಿಕ್ಕಿರೋ ಕೆಲಸ ಬಿಟ್ಟರೆ ಅದೂ ಹೋಗತೈತೆ. ಬ್ಯಾಡ ಅಂದ್ರೆ ಬ್ಯಾಡ."

ನಾನು ಬಾಯಿ ತೆರೆದೆ. ಗುಡ್ಡಪ್ಪ ನನ್ನ ಕಾಲು ತುಳಿದ. ಈ ಸಲ ಯಾಕೆ ಸಿಗುತ್ತದೆ ಎಂದು ಹೇಳಬೇಕಾದರೆ ಹೋದ ಸಲ ಯಾಕೆ ಸಿಗಲಿಲ್ಲ ಎಂದೂ ಹೇಳಬೇಕಾಗಿತ್ತು. ಅವನು ಬಾಗಿಲಲ್ಲೇ ನಿಂತು ಕೈಯ ಗ್ರೀಸು ಒರೆಸಿಕೊಂಡು, "ಆತು ಬಿಡವ್ವ" ಅಂದ. ಅಲ್ಲಿಗೆ ಮುಗಿಯಿತು. ಅವತ್ತಿಗಿಂತ ದೊಡ್ಡ ದುಃಖ ನಾನು ಅವನ ಮುಖದಲ್ಲಿ ನೋಡಿಲ್ಲ ಅಂದುಕೊಂಡಿದ್ದೆ. ನೋಡುವುದು ಇನ್ನೂ ಇತ್ತು.

ವರ್ಷಗಳು ಹೋದವು. ಗುಡ್ಡಪ್ಪ ಹರಿಹರದ ಪಕ್ಕದ ಗುತ್ತೂರಿನಲ್ಲಿ ಮನೆ ಮಾಡಿದ, ಅಂಜಿನವ್ವನನ್ನು ಮದುವೆಯಾದ. ಕಾರ್ಖಾನೆಯಲ್ಲಿ ಯಾರ ಬೆರಳಿಗೆ ಪೆಟ್ಟಾದರೂ ಪಟ್ಟಿ ಕಟ್ಟುವವನು ಅವನೇ. "ಡಾಕ್ಟ್ರೇ" ಎಂದು ಗೆಳೆಯರು ಚೇಷ್ಟೆ ಮಾಡಿದರೆ ತಾನೂ ನಗುತ್ತಿದ್ದ. ರೌಫ್ ಡಾಕ್ಟರಾಗಿ ಹರಿಹರಕ್ಕೇ ಬಂದ. ಎಲ್ಲಿಗೂ ಹೋಗಬಹುದಿತ್ತು, ಯಾಕೆ ಬಂದ ಎಂದು ನಾನು ಕೇಳಲಿಲ್ಲ.

ಅರವತ್ನಾಲ್ಕರ ಬೇಸಿಗೆಯಲ್ಲಿ ಕೊಟ್ರವ್ವ ಹಾಸಿಗೆ ಹಿಡಿದಳು. ಒಂದು ಮಧ್ಯಾಹ್ನ ರೌಫ್ ನೋಡಲು ಹೊರಟಾಗ ನಾನೂ ಜೊತೆಗೆ ಹೋದೆ. ಗುಡ್ಡಪ್ಪ ಅವ್ವನನ್ನು ಎತ್ತಿ ಎದೆಗೆ ಒರಗಿಸಿಕೊಂಡ. ರೌಫ್ ಅವಳ ಬೆನ್ನಿಗೆ ಸ್ಟೆಥಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದ. ಗುಡ್ಡಪ್ಪ ಆ ರಬ್ಬರಿನ ನಳಿಗೆಯನ್ನೇ ನೋಡುತ್ತಿದ್ದ.

ಕೊಟ್ರವ್ವ ರೌಫನ ಕೈ ಸವರಿದಳು. "ನೀನರ ಡಾಕ್ಟ್ರಾದ್ಯಲ್ಲಪ್ಪಾ, ರೌಫಾ. ನನ್ನ ಮಗ ದಡ್ಡ. ನಾಲ್ಕು ಮಾತು ಇಂಗ್ಲಿಷ್ ಬಂದಿದ್ರೆ ಇವತ್ತು ಅವನೇ ನೋಡ್ತಿದ್ದ."

ರೌಫನಿಗೆ ತಡೆಯಲಾಗಲಿಲ್ಲ. "ದೊಡ್ಡವ್ವ, ಹಂಗಲ್ಲ ಅದು. ಅವನು ದಡ್ಡ ಅಲ್ಲ. ಈ ಸೀಟು..."

ಗುಡ್ಡಪ್ಪ ಥಟ್ಟನೆ ಇಂಗ್ಲಿಷಿನಲ್ಲಿ ಶುರು ಮಾಡಿದ. ಅವ್ವನಿಗೆ ತಿಳಿಯಬಾರದೆಂದು. ದಯವಿಟ್ಟು ಹೇಳಬೇಡ, ಇಷ್ಟು ವರ್ಷ ಕಾಪಾಡಿಕೊಂಡು ಬಂದಿದ್ದೇವೆ, ಇನ್ನು ಕೆಲವು ದಿನ, ಅವಳ ತವರನ್ನು ಅವಳಿಗೇ ಬಿಡು, ನನಗೆ ನಿನ್ನ ಮೇಲೆ ಯಾವ ಬೇಸರವೂ ಇಲ್ಲ. ಒಂದೂ ಮಾತು ತಡವರಿಸಲಿಲ್ಲ. ಸೇತುವೆಯ ಮೇಲಿನ ಅದೇ ಗುಡ್ಡಪ್ಪ. ರೌಫ್ ತಲೆ ತಗ್ಗಿಸಿದ.

ಕೊಟ್ರವ್ವ ಮಗನ ಬಾಯನ್ನೇ ನೋಡುತ್ತಿದ್ದಳು. "ಗುಡ್ಡಾ, ಎಷ್ಟು ಚೊಲೋ ಮಾತಾಡ್ತೀಯಲ್ಲೋ! ಯಾವಾಗ ಕಲಿತಿ?"

"ಆಮೇಲೆ... ಆಮೇಲೆ ಕಲಿತೆನವ್ವ."

"ಆ ವರ್ಷಾನೇ ಕಲ್ತಿದ್ಯೇನು? ಇನ್ನೊಂದ್ ಸರ್ತಿ ಹೋಗ್ತೀನಿ, ಸೀಟು ಸಿಗತೈತೆ ಅಂದ್ಯಲ್ಲ. ಬಾಗಿಲಾಗೆ ನಿಂತು ಕೇಳಿದ್ಯಲ್ಲೋ ನನ್ನ." ಅವಳು ಅವನ ಅಂಗಿ ಹಿಡಿದಳು. "ನಾನೇ ಬ್ಯಾಡ ಅಂದ್ನಲ್ಲೋ."

ಗುಡ್ಡಪ್ಪ ಏನು ಹೇಳಬೇಕಿತ್ತು? ಮೊದಲೇ ಬರುತ್ತಿತ್ತು ಅಂದರೆ ತವರಿನ ಮಾತು ಹೊರಗೆ ಬರುತ್ತದೆ. ಆ ವರ್ಷ ಕಲಿತೆ ಅಂದರೆ ಅಡ್ಡ ನಿಂತವಳು ಅವಳೇ ಆಗುತ್ತಾಳೆ. ಎಷ್ಟೋ ವರ್ಷದ ಮೇಲೆ ಕಲಿತೆ ಅಂದರೆ, ಅವತ್ತು ಸೀಟು ಸಿಗತೈತೆ ಅಂದದ್ದು ಯಾವ ಧೈರ್ಯದ ಮೇಲೆ ಎಂದು ಕೇಳುತ್ತಾಳೆ. ಅವನಿಗೆ ಮಾತು ಬರಲಿಲ್ಲ. ಎರಡೂ ಭಾಷೆಯಲ್ಲಿ ಬರಲಿಲ್ಲ. ಅವಳು ಅವನ ಎದೆಗೆ ಒರಗಿಯೇ ಅತ್ತಳು. ರೌಫ್ ಎದ್ದು ಅಂಗಳಕ್ಕೆ ಹೋದ.

ಆಮೇಲೆ ಅವಳು ಹೆಚ್ಚು ದಿನ ಉಳಿಯಲಿಲ್ಲ. ಕಮಾನು ಬಂಡಿಯ ಕಥೆಯನ್ನು ಮತ್ತೆ ಹೇಳಲೂ ಇಲ್ಲ. ನೋಡಲು ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು: "ನನ್ನ ಮಗ ಡಾಕ್ಟ್ರಾಗ್ತಿದ್ದ. ನಾನೇ ಅಡ್ಡ ಬಂದೆ." ಗುಡ್ಡಪ್ಪ ಪಕ್ಕದಲ್ಲೇ ಕೂತು, ಅವಳ ಬೆನ್ನು ಸವರುತ್ತಾ ಅದನ್ನು ಕೇಳುತ್ತಿದ್ದ.