ಹೋದವರ ಹಿಂದೆ ಗುಡಿಸಬಾರದು

ನೈರೋಬಿಯ ಸೌತ್ ಸಿ ಬಡಾವಣೆಯಲ್ಲಿ ನಮ್ಮ ಫ್ಲ್ಯಾಟಿನ ಮೇಲಿನ ಮನೆಗೆ ಮೆಕ್ಸಿಕೋದ ಒಬ್ಬ ಅಜ್ಜಿ ಬಂದರು. ಅವರ ಮಗಳಿಗೆ ಇಲ್ಲಿ ಯಾವುದೋ ಅಂತರರಾಷ್ಟ್ರೀಯ ಸಂಸ್ಥೆಯಲ್ಲಿ ಕೆಲಸ. ಅಜ್ಜಿಗೆ ಎಪ್ಪತ್ತು ದಾಟಿತ್ತು, ಎಡಗಾಲು ಎಳೆಯುತ್ತಿತ್ತು. ಆದರೂ ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವರ ಹಾಗಿದ್ದರು. ಬೆಳಗ್ಗೆದ್ದು ತಮ್ಮ ಮನೆಯಷ್ಟೇ ಅಲ್ಲ, ಎಲ್ಲರೂ ಓಡಾಡುವ ಮೆಟ್ಟಿಲನ್ನೂ ಗುಡಿಸುವರು. ಚೀಲ ಹಿಡಿದು ತರಕಾರಿಗೆ ನಡೆದೇ ಹೋಗುವರು. ಬೇಳೆ ಬೇಯುವಷ್ಟು ಹೊತ್ತು ರೇಡಿಯೋ ಹಾಕಿಕೊಂಡು ಕುಣಿಯುವರು. ಮಗಳು ವ್ಯಾಯಾಮಕ್ಕೆಂದು ತಂದ ಸೈಕಲ್ಲಿನ ಮೇಲೆ ಒದ್ದೆ ಟವೆಲ್ಲುಗಳು ಒಣಗುತ್ತಿದ್ದವು. ಒಂದು ಟಕ್, ಒಂದು ಸರ್: ಆ ನಡಿಗೆ ನಮ್ಮ ತಲೆಯ ಮೇಲೆ ದಿನವಿಡೀ ಕೇಳುತ್ತಿತ್ತು. ನನಗಂತೂ ತಲೆ ಚಿಟ್ಟು ಹಿಡಿಯುತ್ತಿತ್ತು.

ಕೆಳಗೆ ನಮ್ಮಮ್ಮ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಕೂತು ಕೂತು ಪಾದಗಳು ಊದಿಕೊಂಡಿದ್ದವು. ಅಪ್ಪ ತೀರಿಕೊಂಡ ಮೇಲೆ ಮೈಸೂರಿನಿಂದ ಕರೆದುಕೊಂಡು ಬಂದಿದ್ದೆ. ಹೀಗೇ ಕೂತರೆ ಹಾಸಿಗೆ ಹಿಡಿಯುತ್ತಾರೆ, ಆಮೇಲೆ ಎಬ್ಬಿಸೋಕಾಗಲ್ಲ, ನಡೆಸಿ ಎಂದು ಅಪ್ಪರ್ ಹಿಲ್‌ನ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಹೇಳುವುದಕ್ಕೇನು.

“ಕಾರು ನಿಲ್ಲಿಸೋ ಜಾಗದಲ್ಲಿ ಸುಮ್ಸುಮ್ನೆ ಸುತ್ತೋಕೆ ನಂಗೇನು ತಲೆ ಕೆಟ್ಟಿದ್ಯೇನೇ?” ಎಂದಳು ಅಮ್ಮ.

“ಕೂತು ತಿಂದ್ರೆ ಕುಡಿಕೆ ಹೊನ್ನೂ ಸಾಲದು ಅಂತ ನೀನೇ ಹೇಳ್ತಿದ್ದೆ.”

“ತಿಂತಿರೋದಾದ್ರೂ ಎಲ್ಲಿ,” ಎಂದಳು. ಅದೂ ನಿಜವೇ.

ಒಂದು ಬೆಳಗ್ಗೆ ಬಾಗಿಲು ತೆರೆದೇ ಇತ್ತು. ಹೊರಗೆ ಅಜ್ಜಿ ಗುಡಿಸುತ್ತಿದ್ದರು, ಅದೂ ಕೆಳಗಿನ ಮೆಟ್ಟಿಲಿನಿಂದ ಮೇಲಕ್ಕೆ. ಅಮ್ಮ ಕುರ್ಚಿಯಿಂದಲೇ ನೋಡಿದಳು, ನೋಡಿದಳು, ತಡೆಯಲಾಗಲಿಲ್ಲ. ಗೋಡೆ ಹಿಡಿದುಕೊಂಡು ಹೊರಗೆ ಹೋದಳು. “ಮೇಲಿನ ಕಸ ಮತ್ತೆ ಇಲ್ಲೇ ಬೀಳಲ್ವೇನಮ್ಮ? ಇಲ್ಲಿ ಕೊಡು,” ಎಂದು ಪೊರಕೆ ಕಿತ್ತುಕೊಂಡಳು. ಅಜ್ಜಿ ಸ್ಪ್ಯಾನಿಷ್‌ನಲ್ಲಿ ಏನೋ ಅಂದು ನಕ್ಕರು. ಬೇಕೆಂದೇ ಹಾಗೆ ಗುಡಿಸಿದರೋ ಏನೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಆಮೇಲೆ ಮೆಟ್ಟಿಲು ಇಬ್ಬರದೂ ಆಯಿತು. ಅಮ್ಮ ಮೇಲಿನಿಂದ, ಅಜ್ಜಿ ನೀರಿನ ಬಕೆಟ್ಟು ಹಿಡಿದು ಹಿಂದಿನಿಂದ. ಇವಳದು ಕನ್ನಡ, ಅವರದು ಸ್ಪ್ಯಾನಿಷ್, ಬಾಯಿಗೆ ಬಿಡುವಿಲ್ಲ. ಅಮ್ಮ ತರಕಾರಿಗೂ ಜೊತೆಗೆ ಹೋಗತೊಡಗಿದಳು. ಹಸಿವಾಗುತ್ತೆ ಕಣೇ ಎಂದು ಅವಳೇ ಕೇಳಿ ಹಾಕಿಸಿಕೊಂಡ ದಿನ ನಾನು ಅಡುಗೆಮನೆಯಲ್ಲಿ ನಿಂತು ಅತ್ತೆ.

ಅಕ್ಟೋಬರ್ ಕೊನೆಗೆ ಅಜ್ಜಿ ಊರಿಗೆ ಹೊರಟರು. ತೀರಿಕೊಂಡವರಿಗೆ ಅವರ ಇಷ್ಟದ ತಿಂಡಿ ಮಾಡಿಡುವ ಹಬ್ಬವಂತೆ. ಗಂಡನ ಪಾಲಿನದನ್ನು ಅಲ್ಲೇ ಇಡಬೇಕಂತೆ. ಮಗಳು ಬಿಡಿಸಿ ಹೇಳುವ ಮೊದಲೇ ಅಮ್ಮನಿಗೆ ಅರ್ಥವಾಗಿತ್ತು. “ಎಡೆ ಇಡೋಕೆ ಹೋಗ್ತಿದಾಳೆ. ಹೋಗ್ಲಿ ಪಾಪ, ಬೇಗ ಬರ್ಲಿ.”

ಕಾರು ಗೇಟು ದಾಟಿದ್ದು ಗುಡಿಸುವ ಹೊತ್ತಿಗೇ. ಅಭ್ಯಾಸಬಲ, ಅಮ್ಮ ಪೊರಕೆ ಎತ್ತಿಕೊಂಡು ಅಜ್ಜಿಯ ಹೊಸಿಲಿನಿಂದ ಗುಡಿಸುತ್ತಾ ಇಳಿದಳು. ನಮ್ಮ ಬಾಗಿಲಿಗೆ ಬರುವಾಗ ಕೈ ನಿಂತಿತು. ಪ್ರಯಾಣ ಹೊರಟವರ ಹಿಂದೆಯೇ ನಮ್ಮಲ್ಲಿ ಗುಡಿಸುವುದಿಲ್ಲ. ಹಾಗೆ ಗುಡಿಸುವುದು ಹೆಣ ಎತ್ತಿದ ಮೇಲೆ.

ಹಬ್ಬ ಮುಗಿದ ವಾರದಲ್ಲೇ ಅಜ್ಜಿ ಅಲ್ಲೇ ತೀರಿಕೊಂಡರು. ನಿದ್ದೆಯಲ್ಲೇ ಹೋದರು ಎಂದು ಹೇಳಿ ಮಗಳು ಮನೆಗೆ ಬೀಗ ಹಾಕಿ ಹೊರಟಳು.

“ನಾನೇ ಗುಡಿಸಿ ಹಾಕಿದೆ,” ಎಂದಳು ಅಮ್ಮ.

“ಕಾಗೆ ಕೂತಿದ್ದಕ್ಕೂ ಕೊಂಬೆ ಮುರಿದಿದ್ದಕ್ಕೂ ಏನಮ್ಮ ಸಂಬಂಧ?”

ಅವಳು ಕುರ್ಚಿಗೆ ಹೋಗಿ ಕೂತಳು. ಬೈದೆ, ಕೈಮುಗಿದೆ. ಅವಳ ಪಾದಗಳು ಮತ್ತೆ ಊದಿಕೊಂಡವು. ಮೇಲೆ ಸದ್ದಿಲ್ಲ. ಆ ನಿಶ್ಶಬ್ದ ನನಗೆ ಮೊದಲಿನ ಸದ್ದಿಗಿಂತ ಹೆಚ್ಚು ಹಿಂಸೆಯಾಗುತ್ತಿತ್ತು.

ಒಂದು ಬೆಳಗ್ಗೆ ಅಮ್ಮ ತಲೆಯೆತ್ತಿ ಚಾವಣಿ ನೋಡಿದಳು.

“ಕೇಳಿಸ್ತಾ?”

“ಏನು?”

“ಕಾಲೆಳೆಯೋದು. ಬಂದಿದಾಳೆ ಕಣೇ.”

ಮೇಲಿನ ಮನೆಯ ಬೀಗದಕೈ ಗೇಟು ಕಾಯುವ ಅಸ್ಕರಿಯ ಹತ್ತಿರವಿತ್ತು. ನನಗೆ ಕೇಳಿಸಿದ್ದು ನೀರಿನ ಪಂಪಿನ ಸದ್ದು ಮಾತ್ರ. ಅಮ್ಮನ ಮುಖ ನೋಡಿದೆ.

“ಹೂಂ, ಕೇಳಿಸ್ತು,” ಎಂದೆ.

“ಬೈಯೋಕೇ ಬಂದಿರೋದು. ಇಷ್ಟು ಹೊತ್ತಾದ್ರೂ ಮೆಟ್ಲು ಗುಡಿಸಿಲ್ಲ ಅಂತ.” ಕುರ್ಚಿಯ ಕೈ ಹಿಡಿದು ಎದ್ದಳು.

ಅಮ್ಮ ಆಮೇಲೆ ವರ್ಷಗಟ್ಟಲೆ ಗುಡಿಸಿದಳು, ಒಮ್ಮೊಮ್ಮೆ ಹಿಂದೆ ತಿರುಗಿ ಬಕೆಟ್ಟಿನವರ ಜೊತೆ ಮಾತಾಡುತ್ತಾ. ನಾನು ತಡೆಯಲಿಲ್ಲ. ಸದ್ದು ಕೇಳಿಸ್ತಾ ಎಂದಾಗಲೆಲ್ಲ ಹೂಂ ಎಂದೆ.

ಅಮ್ಮನನ್ನು ಎತ್ತಿಕೊಂಡು ಹೋದ ದಿನ ಹಿಂದೆ ಗುಡಿಸಬೇಕಾದವಳು ನಾನು. ಕಟ್ಟಡದವರೆಲ್ಲ, ಮೇಲಿನ ಮನೆಗೆ ಹೊಸದಾಗಿ ಬಂದವರೂ ಸೇರಿ, ಗೇಟಿನ ಹತ್ತಿರ ನಿಂತಿದ್ದರು. ಪೊರಕೆ ಹಿಡಿದೆ, ಕೈ ಏಳಲಿಲ್ಲ. ಗುಡಿಸಿದರೆ ಅವಳು ನಿಜವಾಗಿಯೂ ಹೋದಂತೆ. ಎಷ್ಟು ಹೊತ್ತು ಹಾಗೇ ನಿಂತಿದ್ದೆನೋ. ಆಗ ಮೇಲಿನ ಖಾಲಿ ಮನೆಯಲ್ಲಿ, ನನ್ನ ತಲೆಯ ಮೇಲೆ, ಒಂದು ಟಕ್, ಒಂದು ಸರ್. ಹಿಂದೆಯೇ ಇನ್ನೊಂದು ಜೊತೆ ಕಾಲು, ಗೋಡೆ ಹಿಡಿದು ನಡೆಯುವವರದು.

“ಹೂಂ, ಕೇಳಿಸ್ತಮ್ಮ,” ಎಂದೆ. ಹತ್ತಿ ಹೋಗಿ ಮೇಲಿನ ಮೆಟ್ಟಿಲಿನಿಂದ ಗುಡಿಸತೊಡಗಿದೆ.