ಮಗ್ಗದ ಬೀದಿಯಲ್ಲಿ ಬಾಡಿಗೆ ಮನೆ

ಮತ್ತಿಕೆರೆಯ ಮನೆಯಿಂದ ಹೊರಟಾಗ ಇನ್ನೂ ಹಾಲಿನವನು ಬಂದಿರಲಿಲ್ಲ. ನಾನು ಮತ್ತು ಎಂಟು ವರ್ಷದ ಮಗಳು ಇಂಚರ, ಇಬ್ಬರೇ. ಅವಳ ಬ್ಯಾಗಿನಲ್ಲಿ ಚಪಾತಿ, ನನ್ನದರಲ್ಲಿ ನೀರು ಮತ್ತು ಛತ್ರಿ. ದಸರಾ ರಜೆಯ ದಿನಗಳು. ನಾನು ಕೆಲಸ ಮಾಡುವ ಯಲಹಂಕದ ಲ್ಯಾಬಿಗೆ ಒಂದು ದಿನ ರಜೆ ಹೇಳಿ, ಬೆಂಗಳೂರಿನ ಹೊರಗೆ ಬಾಡಿಗೆ ಮನೆ ನೋಡಲು ಹೊರಟಿದ್ದೆ. ಬೂದಿಗೆರೆ, ದೇವನಹಳ್ಳಿ, ದೊಡ್ಡಬಳ್ಳಾಪುರ, ಕೊನೆಗೆ ನೆಲಮಂಗಲ, ಇಷ್ಟನ್ನೂ ಒಂದೇ ಸುತ್ತಿನಲ್ಲಿ ಮುಗಿಸುವ ಹುಮ್ಮಸ್ಸು.

ಗಂಡನಿಂದ ಬೇರೆಯಾದ ಮೇಲೆ ನನ್ನನ್ನು ಕಾಡುತ್ತಿದ್ದದ್ದು ಒಂದೇ ಚಿಂತೆ. ಮಗಳ ಸ್ಕೂಲು ಮಧ್ಯಾಹ್ನ ಬಿಡುತ್ತದೆ, ನಾನು ಮನೆ ಸೇರುವಾಗ ಕತ್ತಲಾಗುತ್ತದೆ. ನಡುವಿನ ಹೊತ್ತು ಎದುರುಮನೆಯ ಜಯಮ್ಮ ನೋಡಿಕೊಳ್ಳುತ್ತಿದ್ದರು. ಅವರು ಮೈಸೂರಿಗೆ ಹೊರಟುಹೋದ ಮೇಲೆ ಇಂಚರ ಕೊರಳಲ್ಲಿ ಬೀಗದ ಕೈ ಹಾಕಿಕೊಂಡು ಬಂದು, ತಾನೇ ಬಾಗಿಲು ತೆಗೆದು, ಒಳಗಿಂದ ಚಿಲಕ ಹಾಕಿ ಕೂರುತ್ತಿದ್ದಳು. ಲ್ಯಾಬಿನಲ್ಲಿ ರಕ್ತ ತೆಗೆಯಲು ಸೂಜಿ ಹಿಡಿದ ಕೈ ನೆಟ್ಟಗಿದ್ದರೂ ಮನಸ್ಸು ಆ ಚಿಲಕದ ಹತ್ತಿರವೇ ಇರುತ್ತಿತ್ತು. ನಿಜ ಹೇಳಬೇಕೆಂದರೆ ನಾನು ಹುಡುಕುತ್ತಿದ್ದದ್ದು ಮನೆಯನ್ನಲ್ಲ, ಆ ನಡುವಿನ ಹೊತ್ತಿಗೆ ಜನರನ್ನು.

ಬಸ್ಸಿನಲ್ಲಿ ಆಧಾರ್ ಕಾರ್ಡು ತೋರಿಸಿದರೆ ಇಬ್ಬರಿಗೂ ಸೊನ್ನೆ ರೂಪಾಯಿಯ ಟಿಕೆಟ್ಟು. ಇಂಚರ ಅದನ್ನು ಭದ್ರವಾಗಿ ಮಡಿಸಿ ಇಟ್ಟುಕೊಂಡಳು. ಹಳೆ ಮದ್ರಾಸು ರಸ್ತೆಯಲ್ಲಿ ತೆವಳಿ, ಬೂದಿಗೆರೆ ಕ್ರಾಸಿನಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿದೆವು. ಮೋಡ ಕವಿದಿತ್ತು, ಮಳೆ ಇರಲಿಲ್ಲ. ರಸ್ತೆಯ ಒಂದು ಪಕ್ಕ ತೆನೆಗಟ್ಟಿದ ರಾಗಿ ಹೊಲ, ಇನ್ನೊಂದು ಪಕ್ಕ ಹತ್ತು ಮಹಡಿಯ ಕಟ್ಟಡ. ಎರಡೂ ನೋಡಲು ಚೆಂದವಾಗಿಯೇ ಇದ್ದವು.

ಬೂದಿಗೆರೆಯ ಅಪಾರ್ಟ್‌ಮೆಂಟಿಗೆ ನಾನು ಮೊದಲ ನೋಟಕ್ಕೇ ಸೋತೆ. ಒಳ್ಳೆ ಗಾಳಿ ಬೆಳಕು, ಕೆಳಗೆ ಹುಲ್ಲುಹಾಸು, ಬಣ್ಣದ ಉಯ್ಯಾಲೆಗಳು. ಇಂಚರ ಒಂದರ ಮೇಲೆ ಕೂತು ಸುತ್ತಲೂ ನೋಡಿದಳು. ತೂಗುವವರು ಯಾರೂ ಇರಲಿಲ್ಲ.

"ಮಧ್ಯಾಹ್ನದ ಮೇಲೆ ಇಲ್ಲಿ ಯಾರಿರ್ತಾರೆ?" ಎಂದು ಮನೆ ತೋರಿಸುತ್ತಿದ್ದ ಬ್ರೋಕರನನ್ನು ಕೇಳಿದೆ.

"ಒಂದು ನರಪಿಳ್ಳೆನೂ ಇರಲ್ಲ ಮೇಡಂ. ಎಲ್ಲಾ ಡ್ಯೂಟಿಗೆ ಹೋಗ್ಬಿಡ್ತಾರೆ. ಫುಲ್ ಸೇಫು!" ಎಂದು ಹೆಮ್ಮೆಯಿಂದ ಹೇಳಿದ. ಆಮೇಲೆ ದನಿ ತಗ್ಗಿಸಿ, "ಸಾರ್ ಏನ್ ಮಾಡ್ಕೊಂಡವ್ರೆ?" ಎಂದ. ಸಾರ್ ಇಲ್ಲ ಎಂದು ನಾನೂ ಅಷ್ಟೇ ಮೆಲ್ಲಗೆ ಹೇಳಿದೆ.

ದೇವನಹಳ್ಳಿಯ ಕೋಟೆ ನೋಡಿ ಮಗಳು ಬಾಯಿ ಬಿಟ್ಟಳು. ತಲೆಯ ಮೇಲೆ ವಿಮಾನ, ಕೆಳಗೆ ತಳ್ಳುಗಾಡಿಯ ತುಂಬ ಚಕ್ಕೋತ. ಗಾಡಿಯ ಅಜ್ಜಿ ಒಂದನ್ನು ಸುಲಿದು ಅವಳಿಗೆ ಕೊಟ್ಟು, "ತಿನ್ನವ್ವ, ನಮ್ಮೂರಿನ ಹಣ್ಣು ಇನ್ನೆಲ್ಲೂ ಹಿಂಗಿರಲ್ಲ" ಎಂದಳು. ನಾನೂ ಎರಡು ತೊಳೆ ತಿಂದೆ, ಅಜ್ಜಿ ಹೇಳಿದ್ದು ಸುಳ್ಳಲ್ಲ. ಆದರೆ ಅಲ್ಲಿ ನಾವು ನೋಡಹೋದ ಮನೆಯ ಯಜಮಾನರು ನನ್ನ ಸಂಸಾರದ ವಿಷಯ ಕೇಳಿ ಪಿಸುಗುಟ್ಟಿದರು: "ತಪ್ಪು ತಿಳ್ಕೋಬೇಡಿ, ನಾವು ಫ್ಯಾಮಿಲಿಗೆ ಮಾತ್ರ ಕೊಡೋದು." ಹಾಗಾದರೆ ನಾವಿಬ್ಬರೂ ಏನು ಎಂದು ಕೇಳಬೇಕೆನಿಸಿತು. ಮಗಳು ಪಕ್ಕದಲ್ಲಿದ್ದಳು. ಅವಳ ಕೈ ಹಿಡಿದು ಬಸ್ ನಿಲ್ದಾಣಕ್ಕೆ ನಡೆದೆ.

ದೊಡ್ಡಬಳ್ಳಾಪುರ ಅಲ್ಲಿಂದ ಇಪ್ಪತ್ತು ಕಿಲೋಮೀಟರು ಚಿಲ್ಲರೆ. ಹೋಟೆಲಿನಲ್ಲಿ ಮುದ್ದೆ, ಅವರೆಕಾಳಿನ ಸಾರು ಉಂಡೆವು. ವಿಳಾಸ ಹುಡುಕಿಕೊಂಡು ಬೀದಿಗೆ ಕಾಲಿಟ್ಟದ್ದೇ ತಡ, ಇಂಚರ ಎರಡೂ ಕಿವಿ ಮುಚ್ಚಿಕೊಂಡಳು. ಸಾಲಾಗಿ ಮಗ್ಗದ ಮನೆಗಳು. ಒಂದೊಂದು ಮನೆಯಲ್ಲೂ ಕರೆಂಟಿನ ಮಗ್ಗ ಕಟಕಟಕಟ ಓಡುತ್ತಿತ್ತು. ಬಾಗಿಲಲ್ಲಿ ಇಣುಕಿದರೆ ಒಳಗೆ ಗಿಳಿಹಸಿರು, ಅರಿಶಿನ ಬಣ್ಣದ ಸೀರೆಗಳು ಮೊಳ ಮೊಳವಾಗಿ ಬೆಳೆಯುತ್ತಿದ್ದವು. ಕಣ್ಣಿಗೆ ಹಬ್ಬ, ಕಿವಿಗೆ ಶಿಕ್ಷೆ. ಮಗು ಇಲ್ಲಿ ಓದುವುದು ಹೇಗೆ, ಮಲಗುವುದು ಹೇಗೆ? ಇದೂ ಆಗದ ಹೋಗದ ಮಾತು ಎಂದುಕೊಂಡೆ.

ಮನೆಯ ಒಡತಿ ರತ್ನಮ್ಮ ಖಾಲಿ ಮನೆ ತೋರಿಸಿದರು. ಅವರಿಗೆ ಮಾತಾಡುವುದೆಂದರೆ ಕೂಗುವುದೇ. ನಾನೂ ಕೂಗಿದೆ.

"ಎಷ್ಟ್ ಜನ ಇರ್ತೀರವ್ವಾ?"

"ಇಬ್ಬರೇ!"

"ಏನು?"

ನಾನು ಬಾಗಿಲಲ್ಲಿ ನಿಂತು, ಉಸಿರು ಎಳೆದುಕೊಂಡು, ಗಂಟಲು ಹರಿಯುವಂತೆ ಕಿರುಚಿದೆ. ಅದೇ ಗಳಿಗೆಗೆ ಕರೆಂಟು ಹೋಯಿತು. ಬೀದಿಯ ಮಗ್ಗಗಳೆಲ್ಲ ಒಮ್ಮೆಗೇ ನಿಂತವು. "ನಾನು, ನನ್ನ ಮಗಳು! ಗಂಡ ಇಲ್ಲ!" ಎಂಬ ನನ್ನ ದನಿ ಮಾತ್ರ ಬೀದಿಯ ಈ ತುದಿಯಿಂದ ಆ ತುದಿಗೆ ಕೇಳಿತು.

ಬೆಳಗಿನಿಂದ ಪಿಸುಮಾತಿನಲ್ಲೇ ಬಚ್ಚಿಟ್ಟಿದ್ದನ್ನು ಊರಿಗೆಲ್ಲ ಸಾರಿಬಿಟ್ಟಿದ್ದೆ. ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕರೆಂಟು ಹೋದರೆ ಇಲ್ಲಿಯವರು ಜಗಲಿಗೆ ಬಂದು ಕೂರುವುದು ವಾಡಿಕೆಯಂತೆ. ಮನೆಮನೆಯಿಂದ ಗಂಡಸರು, ಹೆಂಗಸರು, ಮಕ್ಕಳು ಹೊರಬಂದು ನನ್ನನ್ನೇ ನೋಡಿದರು.

ಎದುರು ಜಗಲಿಯ ಹೆಂಗಸೊಬ್ಬಳು, ಮಗ್ಗ ನಿಂತದ್ದನ್ನೂ ಮರೆತವಳಂತೆ ಕೂಗಿಯೇ ಹೇಳಿದಳು: "ಇಬ್ಬರೇನಾ? ಹಂಗಾರೆ ನೀರಿಗೆ ಯೋಚ್ನೆ ಇಲ್ಲ ಬಿಡಿ, ಒಂದು ಡ್ರಮ್ಮು ಸಾಕು!"

ಅಷ್ಟೇ. ಇನ್ಯಾರೂ ಏನೂ ಕೇಳಲಿಲ್ಲ. ನಾನು ನಕ್ಕುಬಿಟ್ಟೆ, ನಗುತ್ತಾ ಕಣ್ಣೊರೆಸಿಕೊಂಡೆ. ರತ್ನಮ್ಮ ಟೀ ತಂದರು. ಅಷ್ಟರಲ್ಲಿ ಇಂಚರ ಬೀದಿಯ ಹುಡುಗಿಯರ ಜೊತೆ ಕುಂಟೆಬಿಲ್ಲೆಗೆ ಇಳಿದಿದ್ದಳು. ಹಗಲು ಹೊತ್ತು ಮನೆಯಲ್ಲಿ ಯಾರಿರುತ್ತಾರೆ ಎಂದು ಕೇಳಿದ್ದಕ್ಕೆ ರತ್ನಮ್ಮ ನನ್ನನ್ನು ವಿಚಿತ್ರವಾಗಿ ನೋಡಿ, "ಮಗ್ಗ ಬಿಟ್ಟು ನಾವ್ ಎಲ್ಲಿಗ್ ಹೋಗಾಣವ್ವ?" ಎಂದರು.

ಕರೆಂಟು ಬಂತು. ಜಗಲಿಗಳು ಖಾಲಿಯಾದವು, ಮತ್ತೆ ಕಟಕಟ. ಲೋಟ ಕೆಳಗಿಟ್ಟು ತಿರುಗಿದರೆ ಬೀದಿಯಲ್ಲಿ ಇಂಚರ ಇಲ್ಲ. ನೆಲದ ಮೇಲೆ ಕುಂಟೆಬಿಲ್ಲೆಯ ಗೆರೆ ಮಾತ್ರ ಇತ್ತು. ಹೆಸರು ಹಿಡಿದು ಕೂಗಿದೆ, ನನ್ನ ಕೂಗು ನನಗೇ ಕೇಳಲಿಲ್ಲ. ಓಡಿದೆ.

ಮೊದಲ ಬಾಗಿಲಿನೊಳಗೆ ನೂಲು ಸುತ್ತುತ್ತಿದ್ದ ಮುದುಕಿ ತಲೆಯೆತ್ತಿ, ನನ್ನ ಮುಖ ನೋಡಿ, ಕೈಯನ್ನು ಮುಂದಕ್ಕೆ ಚಾಚಿದಳು. ಮುಂದಿನ ಮನೆಯಲ್ಲಿ ಮಗ್ಗದ ಹಿಂದಿನಿಂದ ಒಬ್ಬ ಗಂಡಸು ಅದೇ ದಿಕ್ಕಿಗೆ ಕೈ ತೋರಿಸಿದ. ಅದರಾಚೆ ಎದುರು ಜಗಲಿಯ ಹೆಂಗಸು, ಇನ್ನೂ ಆಚೆ ಒಬ್ಬ ಹುಡುಗಿ. ಒಬ್ಬರೂ ಕೆಲಸ ನಿಲ್ಲಿಸಲಿಲ್ಲ, ಒಬ್ಬರೂ ಬಾಯಿ ತೆರೆಯಲಿಲ್ಲ. ಕೊನೆಯ ಕೈ ತೋರಿಸಿದ ಬಾಗಿಲಿನೊಳಗೆ ಇಂಚರ ಚಾಪೆಯ ಮೇಲೆ ಕೂತು, ಮಂಡಕ್ಕಿ ತಿನ್ನುತ್ತಾ, ಸೀರೆಯ ಅಂಚಿನಲ್ಲಿ ನವಿಲು ಮೂಡುವುದನ್ನು ನೋಡುತ್ತಿದ್ದಳು. ಕಿವಿ ಮುಚ್ಚಿಕೊಂಡಿರಲಿಲ್ಲ. ನಾನು ಅವಳ ಪಕ್ಕದಲ್ಲೇ ಕುಸಿದು ಕೂತೆ. ನನ್ನ ಮಗು ಎಲ್ಲಿದೆಯೆಂದು ನನ್ನೊಬ್ಬಳನ್ನು ಬಿಟ್ಟು ಇಡೀ ಬೀದಿಗೆ ಗೊತ್ತಿತ್ತು.

ನೆಲಮಂಗಲದ ಬಸ್ಸು ತಪ್ಪಿಹೋಯಿತು. ಅದನ್ನು ಹಿಡಿಯುವ ಅವಸರವೂ ನನಗೆ ಉಳಿದಿರಲಿಲ್ಲ. ಯಲಹಂಕದ ಬಸ್ಸಿಗೆ ಹೊರಟಾಗ ರತ್ನಮ್ಮ ಬಾಗಿಲಲ್ಲಿ ನಿಂತು, ಕಟಕಟದ ನಡುವೆ ಕೂಗುವ ಬದಲು ಬೆರಳುಗಳನ್ನು ತಮ್ಮ ಕಡೆಗೆ ಮಡಿಸಿ, ಅಂಗೈಯನ್ನು ಏನು ಎಂಬಂತೆ ತಿರುಗಿಸಿದರು. ನನಗೆ ತಿಳಿಯಲಿಲ್ಲ. ಇಂಚರ ಮಾತ್ರ ತಿರುಗಿ ನಿಂತು, ತನ್ನ ಎದೆಯ ಮೇಲೆ ಕೈಯಿಟ್ಟು, ನನ್ನನ್ನು ತೋರಿಸಿ, ಆಮೇಲೆ ಆ ಖಾಲಿ ಮನೆಯತ್ತ ಬೆರಳು ಮಾಡಿದಳು. ರತ್ನಮ್ಮ ತಲೆಯಾಡಿಸಿ ಒಳಗೆ ಹೋದರು.

ಬೀದಿಯ ತುದಿ ದಾಟಿ, ಮಾತು ಕೇಳುವಂತಾದ ಮೇಲೆ ವಿಚಾರಿಸಿದೆ: "ಏನೇ ಕೇಳಿದ್ದು ಅವರು?"

"ಬರ್ತೀರಾ ಅಂತ."

"ನೀನೇನಂದೆ?"

ಇಂಚರ ಕೊರಳಿನ ಬೀಗದ ಕೈ ತೆಗೆದು ನನ್ನ ಕೈಗೆ ಕೊಟ್ಟಳು. "ಇಬ್ರೂ ಬರ್ತೀವಿ ಅಂದೆ. ಇದು ಇನ್ಮೇಲೆ ನಿನ್ ಹತ್ರನೇ ಇರ್ಲಿ ಅಮ್ಮ."